ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಬ್ಬಾತು, ಹೂಳು, ಅಂತರಗಂಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಹೊಲಾ ಮಾಗಡಿ ಕೆರಿ ಬಾಜೂಕ ಐತ್ರಿ. ಹಿಂಗಾರಿಗೆ ಕಡ್ಲಿ ಹಾಕ್ತೀವಿ. ನಸುಕಿನ್ಯಾಗ ಬಾತುಕೋಳಿ ಹಿಂಡು ಇಳದು ಎಳೀ ಬೆಳಿ ಮೇದು ಹೋಗ್ತಾವ. ಪಟಾಕಿ ಹಾರಸ್ಬ್ಯಾಡ್ರಿ ಅಂತಾರ. ಮತ್ತ ಏನ್ ಮಾಡಬೇಕ್ರಿ?
(ರೈತರು, ಶಿರಹಟ್ಟಿ ತಾಲ್ಲೂಕು)

ಉತ್ತರ: ಪಟಾಕಿ ಖಂಡಿತ ಬೇಡ. ಕಾನೂನಿನ ಮಾತು ಒಂದು ಕಡೆ ಇರಲಿ, ಅದರಿಂದ ಬೆಳೆಯೂ ಉಳಿಯುವುದಿಲ್ಲ. ಸದ್ದಿಗೆ ಎದ್ದ ಹಿಂಡು ಒಂದು ಸುತ್ತು ಹಾಕಿ ಪಕ್ಕದವರ ಹೊಲಕ್ಕೆ ಇಳಿಯುತ್ತದೆ, ನಾಲ್ಕು ದಿನದಲ್ಲಿ ಸದ್ದಿಗೂ ಒಗ್ಗಿಕೊಳ್ಳುತ್ತದೆ.

ನೀವು ಬಾತುಕೋಳಿ ಎನ್ನುವ ಪಟ್ಟೆತಲೆ ಹೆಬ್ಬಾತು ಎರಡರಿಂದ ಮೂರು ಕಿಲೋ ತೂಗುವ ಹಕ್ಕಿ. ಇಳಿಯಲು, ಏಳಲು ಅದಕ್ಕೆ ಜಾಗ ಬೇಕು, ನಾಲ್ಕೂ ದಿಕ್ಕು ಕಾಣುವ ಬಯಲು ಬೇಕು. ಅವೆರಡನ್ನೂ ತಪ್ಪಿಸುವುದೇ ಉಪಾಯ. ಕೆರೆ ಕಡೆಯ ಬದುವಿನಗುಂಟ ಐದಾರು ಸಾಲು ಬಿಳಿಜೋಳ ಬಿತ್ತಿ. ಕಡಲೆಯನ್ನು ಹದ ನೋಡಿ ಅಕ್ಟೋಬರ್ ಮೊದಲ ಪಕ್ಷದೊಳಗೆ ಬಿತ್ತಿದರೆ, ನವೆಂಬರಿನಲ್ಲಿ ಹಿಂಡು ಬರುವ ಹೊತ್ತಿಗೆ ಮೊಳಕೆಯ ನಾಜೂಕು ಹಂತ ದಾಟಿರುತ್ತದೆ. ತಡವಾಗಿ ಬಿತ್ತಿದ ಹೊಲಕ್ಕೇ ಹೆಚ್ಚು ಪೆಟ್ಟು.

ಆಮೇಲೆ ಮಿಂಚುವ ಟೇಪು. ಗೂಟ ನೆಟ್ಟು, ನೆಲದಿಂದ ಮೂರು ಅಡಿ ಎತ್ತರದಲ್ಲಿ, ಹತ್ತು ಹೆಜ್ಜೆಗೊಂದು ಸಾಲಿನಂತೆ ಹೊಲದ ಅಡ್ಡಕ್ಕೆ ಕಟ್ಟಿ. ಮೀಟರಿಗೆ ಎರಡು ಮೂರು ತಿರುವು ಕೊಡಿ. ತಿರುವಿಲ್ಲದೆ ಬಿಗಿದರೆ ಗಾಳಿಗೆ ಮಿನುಗುವುದಿಲ್ಲ, ತೀರಾ ಸಡಿಲ ಬಿಟ್ಟರೆ ಬೆಳೆಯ ಮೇಲೆ ಜೋತುಬಿದ್ದು ಹರಿಯುತ್ತದೆ. ಬೆದರುಬೊಂಬೆ ಇಟ್ಟರೆ ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸಿ. ಸಣ್ಣ ನೈಲಾನ್ ದಾರ, ಮೀನಿನ ಬಲೆ ಮಾತ್ರ ಬಳಸಲೇಬೇಡಿ. ಅವು ನಸುಕಿನಲ್ಲಿ ಕಾಣುವುದಿಲ್ಲ, ಕಾಲು ರೆಕ್ಕೆಗೆ ಸಿಕ್ಕಿ ಹಕ್ಕಿ ಅಲ್ಲೇ ಒದ್ದಾಡಿ ಸಾಯುತ್ತದೆ.

ಸುತ್ತಲಿನವರೆಲ್ಲ ಕೂಡಿ ಮಾಡಬಹುದಾದ ಒಂದು ಕೆಲಸವಿದೆ. ಹಿಂಗಾರಿ ಹಾಕದೆ ಬಿಡುವ ಶೇಂಗಾದ ಹೊಲವನ್ನು ಫೆಬ್ರುವರಿ ಮುಗಿಯುವ ತನಕ ಹರಗದೆ ಬಿಡಿ. ಮಣ್ಣಿನಲ್ಲಿ ಉಳಿದ ಕಾಯಿ ಹೆಬ್ಬಾತಿಗೆ ಬಲು ಇಷ್ಟ. ಅದು ಸಿಗುವಾಗ ಕಡಲೆಯ ಮೇಲಿನ ಒತ್ತಡ ತಗ್ಗುತ್ತದೆ.

ಪ್ರಶ್ನೆ: ಮಾಗಡಿ ಕೆರೆಗೆ ರಾಮ್ಸರ್ ಮಾನ್ಯತೆ ಸಿಕ್ಕಿದೆ. ಇನ್ನು ಸುತ್ತಲಿನ ಜಮೀನು ಸರ್ಕಾರದ ಪಾಲಾಗುತ್ತದೆಯೇ?
(ವಿದ್ಯಾರ್ಥಿನಿ, ಗದಗ)

ಉತ್ತರ: ಇಲ್ಲ. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಒಪ್ಪಂದದ ಪ್ರಕಾರ, ಮಹತ್ವದ ಜೌಗು ಮತ್ತು ಕೆರೆಗಳ ಪಟ್ಟಿಗೆ ಸೇರುವುದಷ್ಟೇ ಈ ಮಾನ್ಯತೆ. ಕರ್ನಾಟಕದಿಂದ ಮೊದಲು ರಂಗನತಿಟ್ಟು 2022ರಲ್ಲಿ ಸೇರಿತು. 2024ರ ಜನವರಿಯಲ್ಲಿ ಮಾಗಡಿ, ಅಂಕಸಮುದ್ರ, ಅಘನಾಶಿನಿ ಅಳಿವೆ ಸೇರಿದವು. ಪಟ್ಟಿಯಲ್ಲಿರುವ ಮಾಗಡಿಯ ವಿಸ್ತೀರ್ಣ ಸುಮಾರು 54 ಹೆಕ್ಟೇರ್. ಇದು ನೀರಾವರಿಗೆಂದು ಜನ ಕಟ್ಟಿದ ಕೆರೆ ಎಂಬುದನ್ನು ಮರೆಯಬಾರದು. ಹೊಲದವರ ಹಕ್ಕು ಹೊಲದವರದೇ. 2017ರ ಜೌಗುಭೂಮಿ ನಿಯಮಗಳು ತಡೆಯುವುದು ಒತ್ತುವರಿ, ಕಸ ಸುರಿಯುವುದು, ಶುದ್ಧೀಕರಿಸದ ಕೊಳಚೆ ಬಿಡುವುದು, ಬೇಟೆ ಇಂಥವನ್ನು. ಕಳೆದ ಹತ್ತು ವರ್ಷದ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ ಕಾಯಂ ಕಟ್ಟಡವನ್ನೂ ಕಟ್ಟುವಂತಿಲ್ಲ. ಕೆರೆದಂಡೆಯ ಸೈಟು ಅಂತ ಯಾರಾದರೂ ಮಾರಲು ಬಂದರೆ ಈ ಅಳತೆ ನೆನಪಿರಲಿ.

ಪ್ರಶ್ನೆ: ಹಕ್ಕಿ ನೋಡಲು ಯಾವಾಗ ಹೋಗಬೇಕು?
(ಧಾರವಾಡ)

ಉತ್ತರ: ಡಿಸೆಂಬರ್, ಜನವರಿ. ಮೇಯಲು ಹೊಲಕ್ಕೆ ಹೋದ ಹಿಂಡು ಬಿಸಿಲೇರಿದ ಮೇಲೆ ನೀರಿಗೆ ಮರಳುತ್ತದೆ, ಆಗ ಕುಳಿತು ನೋಡಿ. ದಂಡೆಯಿಂದ ಕೆಳಗಿಳಿಯಬೇಡಿ, ಡ್ರೋನ್ ಹಾರಿಸಬೇಡಿ. ಕತ್ತುಗಳೆಲ್ಲ ಒಮ್ಮೆಲೆ ನೆಟ್ಟಗಾದವು ಎಂದರೆ ನೀವು ತೀರಾ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ.

ಪ್ರಶ್ನೆ: ನಮ್ಮೂರ ಕೆರೆಯ ಹೂಳು ತೆಗೆಯುತ್ತಿದ್ದಾರೆ. ಹೊಲಕ್ಕೆ ಎಷ್ಟು ಹಾಕಬೇಕು? ಹೋದ ಸಲ ಹಾಕಿದವರೊಬ್ಬರ ಹೊಲ ಗಟ್ಟಿಯಾಗಿ ಕೆಟ್ಟಿತು.
(ಲಕ್ಷ್ಮೇಶ್ವರ)

ಉತ್ತರ: ಮೊದಲು ನಿಮ್ಮ ಹೊಲ ಯಾವುದು ನೋಡಿ. ಮಸಾರಿಗೆ, ಅಂದರೆ ಕೆಂಪು ಮಣ್ಣಿಗೆ ಹೂಳು ಬಂಗಾರ, ಜಿಗುಟು ಮಣ್ಣು ಸೇರಿ ನೀರು ಹಿಡಿಯುವ ಶಕ್ತಿ ಹೆಚ್ಚುತ್ತದೆ. ಎರಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ ಜಿಗುಟು ಮೊದಲೇ ಸಾಕಷ್ಟಿದೆ. ಇನ್ನಷ್ಟು ಹಾಕಿದರೆ ನೀರು ಬಸಿಯುವುದಿಲ್ಲ.

ಹೊಲ ಕೆಡಲು ಇನ್ನೊಂದು ಕಾರಣ ಹೂಳಿನ ಸವಳು, ಅಂದರೆ ಕ್ಷಾರದ ಅಂಶ. ಮನೆಯಲ್ಲೇ ನೋಡಬಹುದು. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಆರ್‌ಒ ಫಿಲ್ಟರ್ ನೀರು ತೆಗೆದುಕೊಂಡು, ಕಡಲೆಕಾಳಿನಷ್ಟು ಒಣ ಹೂಳಿನ ಹೆಂಟೆಯನ್ನು ಮೆಲ್ಲಗೆ ಬಿಡಿ. ಅಲುಗಾಡಿಸದೆ ಎರಡು ತಾಸು ಇಡಿ. ಹೆಂಟೆ ಕುಸಿದು ಪುಡಿಯಾಗಿ, ನೀರು ತಿಳಿಯಾಗಿಯೇ ಇದ್ದರೆ ಚಿಂತೆಯಿಲ್ಲ. ಹೆಂಟೆಯ ಸುತ್ತ ಹಾಲಿನಂತೆ ಮಸುಕು ಹರಡಿದರೆ ಅದರಲ್ಲಿ ಸೋಡಿಯಂ ಹೆಚ್ಚು, ಆ ಹೂಳು ಬೇಡ. ಬೋರ್‌ವೆಲ್ ನೀರಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಆ ನೀರಿನ ಉಪ್ಪು ದೋಷವನ್ನು ಮುಚ್ಚಿಡುತ್ತದೆ. ಅನುಮಾನ ಬಂದರೆ ಅರ್ಧ ಕಿಲೋ ಮಾದರಿ ಒಯ್ದು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಅಳತೆ ಹೀಗೆ. ಎಕರೆಗೆ ಒಂದು ಇಂಚು ದಪ್ಪಕ್ಕೆ 3,630 ಘನ ಅಡಿ ಬೇಕು, ಅಂದರೆ ಒಂದು ಬ್ರಾಸ್ (100 ಘನ ಅಡಿ) ಹಿಡಿಯುವ ಟ್ರೇಲರಿನಲ್ಲಿ 36 ಹೇರು. ಉದ್ದಕ್ಕೂ ಅಡ್ಡಕ್ಕೂ 35 ಅಡಿಗೊಂದು ಗುಂಪಿ ಹಾಕಿಸಿದರೆ ಲೆಕ್ಕ ಸರಿಹೋಗುತ್ತದೆ. ಮೊದಲ ವರ್ಷಕ್ಕೆ ಒಂದು ಇಂಚು ಸಾಕು. ಹಸಿಯಾಗಿಯೇ ಹರಡಿದರೆ ಹೆಂಟೆ ಇಟ್ಟಿಗೆಯಂತೆ ಬಿಗಿಯುತ್ತದೆ. ಏಪ್ರಿಲ್‌ನಲ್ಲಿ ಗುಂಪಿ ಹಾಕಿಸಿ, ಬಿಸಿಲಿಗೆ ಒಣಗಿಸಿ, ಹರಡಿ, ಮೊದಲ ಮಳೆಯ ಹದಕ್ಕೆ ಕುಂಟೆ ಹೊಡೆಯಿರಿ. ಹೂಳಿನ ಜೊತೆ ಬಳ್ಳಾರಿ ಜಾಲಿಯ ಬೀಜವೂ ಬರುತ್ತದೆ, ಗೇಣುದ್ದ ಇರುವಾಗಲೇ ಬೇರುಸಹಿತ ಕಿತ್ತುಬಿಡಿ.

ಅಗೆಯುವವರಿಗೂ ಒಂದು ಮಾತು ಹೇಳಿ. ಏರಿಯ ಬುಡಕ್ಕೆ ತಾಗಿ ಅಗೆದರೆ ನೀರು ತಡೆಯುವ ಜಿಗುಟು ಪದರ ಹರಿದು ಕೆರೆ ಸೋರುತ್ತದೆ. ಕಂಡಲ್ಲಿ ಬಾವಿಯಂಥ ಗುಂಡಿ ತೋಡಿದರೆ ದನ, ಮಕ್ಕಳು ಮುಳುಗುವ ಅಪಾಯ. ನೀರಲ್ಲಿ ನಡೆದು ಮೇಯುವ ಹಕ್ಕಿಗಳಿಗೆ ಗೇಣು ನೀರಿನ ಇಳಿಜಾರು ದಂಡೆಯೇ ಆಧಾರ, ಅದನ್ನು ಹಾಗೇ ಬಿಡಬೇಕು.

ಪ್ರಶ್ನೆ: ಉಣಕಲ್ ಕೆರೆಯಲ್ಲಿ ಅಂತರಗಂಗೆ ತೆಗೆದರೂ ಮತ್ತೆ ಮತ್ತೆ ಏಕೆ ಬರುತ್ತದೆ?
(ಹುಬ್ಬಳ್ಳಿ)

ಉತ್ತರ: ಕೊಳಚೆ ನೀರಿನ ಸಾರಜನಕ, ರಂಜಕವೇ ಈ ತೇಲುವ ಕಳೆಯ ಗೊಬ್ಬರ. ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ, ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಒಳಬರುವ ಚರಂಡಿ ತಡೆಯದೆ ಯಂತ್ರ ಇಳಿಸಿದರೆ ಹಣ ಮಾತ್ರ ಖಾಲಿ. ತೆಗೆಯುವುದಾದರೆ ನೀರು ತಗ್ಗಿರುವ ಬೇಸಿಗೆಯಲ್ಲಿ, ಹೂ ಬಿಡುವ ಮೊದಲೇ ತೆಗೆಯಬೇಕು. ದಂಡೆಯಲ್ಲೇ ರಾಶಿ ಹಾಕಿದರೆ ಮಳೆಗೆ ಮತ್ತೆ ಕೆರೆಗೇ ಇಳಿಯುತ್ತದೆ. ಕಳೆನಾಶಕ ಸಿಂಪಡಿಸಿದರೆ ಗಿಡ ಸತ್ತು ತಳದಲ್ಲಿ ಕೊಳೆತು, ನೀರಿನ ಆಮ್ಲಜನಕ ತೀರಿ ಮೀನು ಸಾಯುತ್ತವೆ.

ಪ್ರಶ್ನೆ: ಬೇಸಿಗೆಯ ಬೆಳಗಿನ ಜಾವ ನಮ್ಮ ಕೆರೆಯ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ, ಕೆಲವು ಸಾಯುತ್ತವೆ. ಯಾರಾದರೂ ವಿಷ ಹಾಕಿರಬಹುದೇ?
(ಹಾವೇರಿ ಜಿಲ್ಲೆ)

ಉತ್ತರ: ಜಾವದಲ್ಲಿ ಮಾತ್ರ, ಅದೂ ದೊಡ್ಡ ಮೀನು ಮೊದಲು ಸತ್ತರೆ ಬಹುಮಟ್ಟಿಗೆ ಅದು ಆಮ್ಲಜನಕದ ಕೊರತೆ. ಹಗಲಲ್ಲೂ, ಸಣ್ಣದು ದೊಡ್ಡದೆನ್ನದೆ ಸತ್ತರೆ ವಿಷದ ಅನುಮಾನ ಸರಿ, ನೀರಿನ ಮಾದರಿ ತೆಗೆದಿಡಿ. ಹಸಿರು ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚೆ ಕೊರತೆ ಹೆಚ್ಚು. ಸಗಣಿ, ಆಹಾರ ಹಾಕುವುದನ್ನು ಕೂಡಲೇ ನಿಲ್ಲಿಸಿ. ರಾತ್ರಿ ಎರಡರಿಂದ ಬೆಳಗಿನ ತನಕ ಪಂಪು ಹಚ್ಚಿ ಕೆರೆಯ ನೀರನ್ನೇ ಮೇಲಕ್ಕೆ ಚಿಮ್ಮಿಸಿ ಬೀಳಿಸಿ. ಮಾರುವಷ್ಟು ಬೆಳೆದ ಕಾಟ್ಲಾ, ರೋಹುಗಳನ್ನು ಹಿಡಿದು ಸಾಂದ್ರತೆ ತಗ್ಗಿಸಿ. ‘ಕೆರೆಗೆ ಆಫ್ರಿಕನ್ ಕ್ಯಾಟ್‌ಫಿಶ್ ಬಿಡಿ, ಅದು ಸಾಯುವುದಿಲ್ಲ’ ಎಂದು ಸಲಹೆ ಕೊಡುವವರಿದ್ದಾರೆ. ಅದರ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧವಿದೆ. ಕೋಡಿ ಬಿದ್ದಾಗ ಅದು ಹಳ್ಳ ಹಿಡಿದು ವರದಾ, ತುಂಗಭದ್ರೆ ಸೇರಿದರೆ ಅಲ್ಲಿನ ನಾಡಮೀನುಗಳನ್ನು ತಿಂದುಹಾಕುತ್ತದೆ. ಆಮೇಲೆ ಅದನ್ನು ಹಿಡಿದು ತೆಗೆಯುವ ದಾರಿಯೇ ಇಲ್ಲ.