ಕಾಲುಂಗುರ ಸಡಿಲ, ಕಾಲ್ಚೈನು ಬಿಗಿ

"ಮೇಡಂ, ನನ್ನ ಹೆಂಡತಿ ಕೊಬ್ಬು ತೆಗೆಸೋ ಆಪರೇಷನ್‌ಗೆ ಅಡ್ವಾನ್ಸ್ ಕಟ್ಟಿ ಬಂದಿದ್ದಾಳೆ. ನೀವಾದರೂ ಸ್ವಲ್ಪ ಬುದ್ಧಿ ಹೇಳಿ."

ಫೋನ್ ಮಾಡಿದ್ದು ಗಂಡ. ನಾನು ಕೌನ್ಸೆಲರ್, ಬುದ್ಧಿ ಹೇಳುವುದು ನನ್ನ ಕೆಲಸ ಅಲ್ಲ, ಅವರಾಗಿ ಬಂದರೆ ಮಾತಾಡೋಣ ಅಂದೆ. ಎರಡು ದಿನ ಬಿಟ್ಟು ಆಕೆ ಒಬ್ಬರೇ ಬಂದರು.

ಮಲೆನಾಡಿನ ಒಂದು ತಾಲ್ಲೂಕು ಊರಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ವಯಸ್ಸು 36, ಒಬ್ಬ ಮಗ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಬರೆದದ್ದನ್ನು ಅವರಿಗೇ ಓದಲು ಕೊಟ್ಟು, ಸರಿ ಅಂದ ಮೇಲೆ ಹಾಕುತ್ತಿದ್ದೇನೆ. ಇಲ್ಲಿ ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ.

ಕೂತವರೇ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದರು. ಕ್ಲಿನಿಕ್‌ನವರು ಅವರದೇ ಫೋಟೊ ತಿದ್ದಿ ಕೊಟ್ಟಿದ್ದರು. ಸೊಂಟ ಡಮರುಗದ ಹಾಗಿತ್ತು. ಹೊಟ್ಟೆ, ಸೊಂಟ, ತೊಡೆ ಎಲ್ಲ ಸೇರಿ ಒಂದೇ ಪ್ಯಾಕೇಜ್. ಒಂದೇ ದಿನದಲ್ಲಿ ಒಂಬತ್ತು ಲೀಟರ್ ತೆಗೀತೀವಿ, ಬೆಳಿಗ್ಗೆ ಬಂದರೆ ಸಂಜೆ ಮನೆಗೆ, ಇಎಂಐ ಸೌಲಭ್ಯ ಇದೆ. ಡೇರಿಯಲ್ಲಿ ಹಾಲು ಅಳೆದ ಹಾಗೆ ಲೀಟರ್ ಲೆಕ್ಕ! ಟೀಚರ್ ಒಡವೆ ಅಡ ಇಟ್ಟು ಹಣ ಹೊಂದಿಸಲು ಹೊರಟಿದ್ದರು.

ಇಂಥವರು ಬಂದಾಗ ನಾನು ಕೇಳುವ ಕೆಲವು ಪ್ರಶ್ನೆಗಳಿವೆ. ದಿನಕ್ಕೆ ಎಷ್ಟು ಹೊತ್ತು ಇದನ್ನೇ ಯೋಚಿಸ್ತೀರಿ? ಕನ್ನಡಿಯನ್ನು ಪದೇ ಪದೇ ನೋಡ್ತೀರಾ, ಇಲ್ಲಾ ಪೂರ್ತಿ ತಪ್ಪಿಸ್ತೀರಾ? ಬೇರೆಯವರ ಕಣ್ಣಿಗೆ ಕಾಣದ್ದು ನಿಮಗೆ ಮಾತ್ರ ಕಾಣುತ್ತಾ? ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್ ಅಂತ ಒಂದು ಕಾಯಿಲೆ ಇದೆ. ಇಲ್ಲದ ಅಥವಾ ತೀರಾ ಸಣ್ಣ ಕೊರತೆಯ ಸುತ್ತ ಮನಸ್ಸು ಗಿರಕಿ ಹೊಡೆಯುತ್ತದೆ. ಅಂಥವರಿಗೆ ಸರ್ಜರಿ ಮಾಡಿಸಿದರೆ ಸಮಾಧಾನ ಸಿಗುವುದು ಅಪರೂಪ, ಚಿಂತೆ ದೇಹದ ಇನ್ನೊಂದು ಭಾಗಕ್ಕೆ ಹಾರುತ್ತದೆ. ಅವರಿಗೆ ಬೇಕಾದದ್ದು ಮನೋವೈದ್ಯರ ಚಿಕಿತ್ಸೆ.

ನಾನು ಮನಸ್ಸಿನಲ್ಲೇ ಆ ಚೀಟಿ ಅಂಟಿಸಿ ಆಗಿತ್ತು. ಅದಕ್ಕೆ ತಕ್ಕ ಹಾಗೆ ಎರಡು ಭೇಟಿ ಕಳೆದೆ. ಅತ್ತೆ "ಬಾಳೆದಿಂಡಿನಂಥ ಕಾಲು" ಅಂದದ್ದು, ಮದುವೆಗೆ ನೋಡಲು ಬಂದವರು ಸೀರೆಯಲ್ಲಿ ನೋಡಿ ಒಪ್ಪಿದ್ದು, ಸ್ಟಾಫ್ ರೂಮಿನ ಮಾತು, ಎಲ್ಲ ಕೇಳಿಸಿಕೊಂಡೆ. ಟೀಚರ್ ಅತ್ತರು ಕೂಡ. ನನಗೆ ಸರಿಯಾದ ದಾರಿಯಲ್ಲೇ ಇದ್ದೇನೆ ಅನ್ನಿಸಿತು. ಆದರೆ ಅವರ ಉತ್ತರಗಳು ನನ್ನ ಚೀಟಿಗೆ ಹೊಂದುತ್ತಿರಲಿಲ್ಲ. ಕನ್ನಡಿಯ ಗೊಡವೆ ಅವರಿಗೆ ಅಷ್ಟಾಗಿ ಇರಲಿಲ್ಲ. ಮುಖ, ಕೈ, ಕೂದಲು ಯಾವುದರ ಮೇಲೂ ದೂರಿಲ್ಲ.

ಮೂರನೇ ಸಲ ಬಂದಾಗ ಮಳೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದು, ಒದ್ದೆಯಾದ ಸೀರೆ ಅಂಚನ್ನು ಸ್ವಲ್ಪ ಎತ್ತಿ ಹಿಂಡಿದರು. ಪಾದ ಎಷ್ಟು ಸಣ್ಣದು! ಕಾಲುಂಗುರ ಸಡಿಲವಾಗಿ ತಿರುಗುತ್ತಿತ್ತು. ಅದೇ ಕಾಲಿನ ಹರಡಿಗೆ ಸ್ವಲ್ಪ ಮೇಲೆ, ಬಳೆ ತೊಡಿಸಿದ ಹಾಗೆ ಒಂದು ಸುತ್ತು ದಪ್ಪ. ಕಾಲ್ಚೈನಿನ ಎರಡು ತುದಿ ಸೇರದೆ ದಾರ ಕಟ್ಟಿದ್ದರು. ಮೀನಖಂಡದ ಹತ್ತಿರ ಎರಡು ನೀಲಿ ಕಲೆ.

"ಇದೇನು, ಬಿದ್ರಾ?"

"ಇಲ್ಲ ಮೇಡಂ, ಬೆಂಚು ತಾಗಿರಬೇಕು. ನನಗೆ ಸುಮ್ನೆ ತಾಗಿದರೂ ಕಲೆ ಬೀಳುತ್ತೆ. ಮಗ ತೊಡೆ ಮೇಲೆ ಕೂತರೆ ಜೀವ ಹೋದ ಹಾಗಾಗುತ್ತೆ. ದಪ್ಪ ಇದ್ದರೆ ಹಾಗೇ ಅಲ್ವಾ?"

ಹಾಗೇನಿಲ್ಲ. ಕೊಬ್ಬು ಜಾಸ್ತಿ ಇದ್ದ ಮಾತ್ರಕ್ಕೆ ಮುಟ್ಟಿದರೆ ನೋಯುವುದಿಲ್ಲ. ಆಮೇಲೆ ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. ಯಾವಾಗಿನಿಂದ? ಮೈನೆರೆದ ಮೇಲೆ ಶುರು, ಹೆರಿಗೆಯ ನಂತರ ಜಾಸ್ತಿ. ಅಮ್ಮನಿಗೂ ಹೀಗೇ, ಚಿಕ್ಕಮ್ಮನಿಗೂ ಹೀಗೇ. "ನಮ್ಮ ಮನೆತನದ ಕಾಲು" ಅಂತ ತಮಾಷೆ ಮಾಡ್ತಾರಂತೆ. ಎರಡು ವರ್ಷದ ಹಿಂದೆ ಅನ್ನ ಬಿಟ್ಟು 11 ಕಿಲೊ ಇಳಿಸಿದ್ದರು. ಕೆನ್ನೆ ಬತ್ತಿ, ರವಿಕೆ ಎಲ್ಲ ಹಿಡಿದು ಹೊಲಿಸಬೇಕಾಯಿತು. ಪಕ್ಕದ ಮನೆಯವರು ಸಕ್ಕರೆ ಕಾಯಿಲೆಯಾ ಅಂತ ಕೇಳಿದರು. ಕಾಲು ಮಾತ್ರ ಹಾಗೇ ಇತ್ತು.

ನಾನು ಡಾಕ್ಟರ್ ಅಲ್ಲ. ಕಾಯಿಲೆ ಹೆಸರು ಹೇಳುವ ಹಕ್ಕು ನನಗಿಲ್ಲ. ರಕ್ತನಾಳದ ತಜ್ಞರಿಗೆ ಒಂದು ಪತ್ರ ಬರೆದು ಕಳಿಸಿದೆ. ಅವರು ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿ, ಥೈರಾಯ್ಡ್ ನೋಡಿ, ಬೇರೆ ಕಾರಣಗಳನ್ನು ತಳ್ಳಿಹಾಕಿ ಲಿಪೆಡೀಮಾ ಅಂದರು. ಎರಡನೇ ಹಂತ.

ಇದು ಹೊಸ ಕಾಯಿಲೆಯೇನೂ ಅಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ಇಬ್ಬರು ವೈದ್ಯರು 1940ರಲ್ಲೇ ಇದರ ಬಗ್ಗೆ ಬರೆದಿದ್ದರು. ಬರುವುದು ಹೆಚ್ಚುಕಡಿಮೆ ಹೆಂಗಸರಿಗೇ. ಎರಡೂ ಕಾಲಿನಲ್ಲಿ ಒಂದೇ ತರಹ ಕೊಬ್ಬು ಸೇರುತ್ತದೆ, ಪಾದ ಬಿಟ್ಟು. ನೋವು, ಬೇಗ ಕಲೆ ಬೀಳುವುದು ಇದರ ಲಕ್ಷಣ. ಇದೇ ಅಂತ ಖಚಿತ ಹೇಳುವ ರಕ್ತಪರೀಕ್ಷೆ ಇಲ್ಲ, ನೋಡಿ, ಮುಟ್ಟಿ, ಕೇಳಿಯೇ ಹೇಳಬೇಕು. ಊಟ ಬಿಟ್ಟರೆ ಈ ಕೊಬ್ಬು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಹಾಗಂತ ತೂಕ ಏರಿಸಿಕೊಂಡರೆ ತೊಂದರೆ ಇನ್ನೂ ಜಾಸ್ತಿ.

ಸುದ್ದಿ ಕೇಳಿ ಟೀಚರ್ ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಅವರು ಅಂದದ್ದು, "ಅಂದರೆ ನಾನು ತಿಂದು ತಿಂದು ಆಗಿದ್ದಲ್ಲ." ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಎರಡು ಭೇಟಿ ಪೂರ್ತಿ ಆಕೆಯ ಆತ್ಮವಿಶ್ವಾಸದ ಬಗ್ಗೆ ಕೊರೆದವಳು ನಾನು.

ನಾಲ್ಕನೇ ಭೇಟಿಗೆ ಗಂಡನನ್ನೂ ಕರೆದೆ. ಅವರ ಭಯಕ್ಕೆ ಕಾರಣ ಇತ್ತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ 21 ವರ್ಷದ ಕಿರುತೆರೆ ನಟಿ ತೀರಿಕೊಂಡ ಸುದ್ದಿ ಅವರ ತಲೆಯಲ್ಲಿ ಕೂತಿತ್ತು. ಜೊತೆಗೆ ಒಂದು ಆಸೆಯೂ ಇತ್ತು: "ತೆಗೆಸಿಬಿಟ್ಟರೆ ಮುಂದೆ ಶುಗರ್ ಬರಲ್ಲ ಅಲ್ವಾ ಮೇಡಂ?"

ಬರಬಹುದು. ಲಿಪೊಸಕ್ಷನ್, ಅಂದರೆ ಈ ಕೊಬ್ಬು ತೆಗೆಯುವ ಆಪರೇಷನ್ನಿನಲ್ಲಿ, ಹೀರುವ ನಳಿಕೆ ಹೋಗುವುದು ಚರ್ಮದ ಕೆಳಗಿನ ಕೊಬ್ಬಿಗೆ ಮಾತ್ರ. ಕರುಳಿನ ಸುತ್ತ ಕೂತ ಕೊಬ್ಬನ್ನು ಅದು ಮುಟ್ಟುವುದಿಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 15 ಜನ ಬೊಜ್ಜಿನ ಹೆಂಗಸರಿಂದ ಸುಮಾರು 10 ಕಿಲೊ ಕೊಬ್ಬು ತೆಗೆದರೂ ಶುಗರ್, ಬಿಪಿ, ಕೊಲೆಸ್ಟ್ರಾಲ್ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಇದು ಆಕಾರ ತಿದ್ದುವ ಕೆಲಸ, ತೂಕ ಇಳಿಸುವ ಕೆಲಸ ಅಲ್ಲ.

ಆಕಾರದ ವಿಷಯದಲ್ಲೂ ಆ ತಿದ್ದಿದ ಫೋಟೊ ಮೋಸವೇ. ಫೋಟೊ ಮೇಜಿನ ಮೇಲಿಟ್ಟು ಮೂವರೂ ನೋಡಿದೆವು. ಟೀಚರಿಗೆ ಸೊಂಟದಲ್ಲಿ ತೆಗೆಯಲು ಏನಿದೆ? ಅಲ್ಲಿ ಮೊದಲೇ ತೆಳ್ಳಗೆ. ಇನ್ನೂ ಕೆತ್ತಿದರೆ ತೊಡೆ ಮತ್ತಷ್ಟು ದಪ್ಪ ಕಾಣುತ್ತದೆ. ಒಳ್ಳೆ ಸರ್ಜನ್ ಒಂದು ಜಾಗವನ್ನು ಪಕ್ಕದ ಜಾಗದ ಜೊತೆ ಇಟ್ಟು ನೋಡುತ್ತಾರೆ, ನಿಲ್ಲಿಸಿ, ಹಿಂದೆ ಮುಂದೆ ಗುರುತು ಹಾಕುತ್ತಾರೆ. ಎಷ್ಟು ತೆಗೆಯಬೇಕು ಅನ್ನುವುದಕ್ಕಿಂತ ಎಷ್ಟು ಬಿಡಬೇಕು ಅನ್ನುವ ಲೆಕ್ಕ ಅವರದು. ಚರ್ಮದ ಕೆಳಗೆ ಒಂದು ಪದರ ಕೊಬ್ಬು ಉಳಿಯದಿದ್ದರೆ ಗುಂಡಿ ಬೀಳುತ್ತದೆ, ಚರ್ಮ ಅಂಟಿಕೊಳ್ಳುತ್ತದೆ. ಅದನ್ನು ಸರಿಮಾಡುವುದು ಬಹಳ ಕಷ್ಟ.

ಹಾಗಾದರೆ ಆಪರೇಷನ್ ಬೇಡವಾ? ಇಲ್ಲೇ ಕಥೆ ತಿರುಗುವುದು. ಲಿಪೆಡೀಮಾದಲ್ಲಿ ಲಿಪೊಸಕ್ಷನ್ ಚಂದಕ್ಕೆ ಮಾತ್ರ ಅಲ್ಲ, ನೋವು ಕಡಿಮೆ ಮಾಡಲು ಬಳಸುವ ಚಿಕಿತ್ಸೆ. ಜರ್ಮನಿಯಲ್ಲಿ 2020ರಿಂದ ಮೂರನೇ ಹಂತದವರಿಗೆ ಸಾರ್ವಜನಿಕ ವಿಮೆಯಲ್ಲೇ ಇದಕ್ಕೆ ದಾರಿ ಸಿಕ್ಕಿತು. ಅಂದರೆ ಟೀಚರ್ ಕೇಳಿದ್ದು ತಪ್ಪು ಆಪರೇಷನ್ ಅಲ್ಲ. ತಪ್ಪು ಜಾಗ, ತಪ್ಪು ಅಳತೆ, ತಪ್ಪು ಅವಸರ.

ನಾನು ಕೊಟ್ಟ ಸಲಹೆ ಇಷ್ಟು. ಅಡ್ವಾನ್ಸ್ ಹೋದರೂ ಪರವಾಗಿಲ್ಲ, ಆ ಪ್ಯಾಕೇಜ್ ಬೇಡ. ಒಂದೇ ಸಲಕ್ಕೆ 5 ಲೀಟರ್ ದಾಟಿದರೆ ಅದನ್ನು ದೊಡ್ಡ ಪ್ರಮಾಣ ಅಂತಲೇ ಕರೆಯುತ್ತಾರೆ, ಆಸ್ಪತ್ರೆಯಲ್ಲಿ ಉಳಿಸಿಕೊಂಡು ನೋಡಬೇಕು. ಒಂಬತ್ತು ಲೀಟರ್ ತೆಗೆದು ಸಂಜೆ ಬಸ್ ಹತ್ತಿಸುವವರ ಹತ್ತಿರ ಹೋಗಬೇಡಿ. ಈಗ ಬಹಳ ಕಡೆ ಬಳಸುವ ವಿಧಾನ ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ 1985ರಲ್ಲಿ ರೂಪಿಸಿದ್ದು: ಉಪ್ಪುನೀರಿಗೆ ಮರಗಟ್ಟಿಸುವ ಔಷಧ ಮತ್ತು ಅಡ್ರಿನಾಲಿನ್ ಬೆರೆಸಿ ಮೊದಲು ಒಳಗೆ ತುಂಬಿಸುತ್ತಾರೆ. ಇದರಿಂದ ರಕ್ತ ಕಡಿಮೆ ಹೋಗುತ್ತದೆ. ಆದರೆ ಆ ಮರಗಟ್ಟಿಸುವ ಔಷಧಕ್ಕೂ ತೂಕಕ್ಕೆ ತಕ್ಕ ಮಿತಿ ಇದೆ, ಮೀರಿದರೆ ಹೃದಯಕ್ಕೇ ಪೆಟ್ಟು. ಹಾಗಾಗಿ ಕೇಳಿ: ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅನ್ನುವ ಉನ್ನತ ಪದವಿ ಮಾಡಿದ್ದಾರಾ? ಲಿಪೆಡೀಮಾ ಕಾಲು ಎಷ್ಟು ನೋಡಿದ್ದಾರೆ? ಅರಿವಳಿಕೆ ತಜ್ಞರು ಕೊನೆವರೆಗೂ ಇರ್ತಾರಾ? ಅದೇ ಕಟ್ಟಡದಲ್ಲಿ ಐಸಿಯು ಇದೆಯಾ? ಖಾಸಗಿ ಆಸ್ಪತ್ರೆಗಳಿಗೆ ಸರ್ಕಾರ ಕೊಡುವ ಕೆಪಿಎಂಇ ನೋಂದಣಿ ಪತ್ರ ಗೋಡೆ ಮೇಲೆ ಇದೆಯಾ? ಕೇಳಿದರೆ ಸಿಟ್ಟಾಗುವ ಕಡೆಯಿಂದ ಎದ್ದು ಬನ್ನಿ.

ಅದಕ್ಕೂ ಮೊದಲು ತಜ್ಞರು ಹೇಳಿದ ಬಿಗಿ ಕಾಲುಚೀಲ, ದಿನಾ ನಡಿಗೆ. ಕ್ಲಾಸಿನಲ್ಲಿ ಕುರ್ಚಿ. ಕುರ್ಚಿ ಕೇಳಲು ಟೀಚರಿಗೆ ಆಪರೇಷನ್ನಿಗಿಂತ ಜಾಸ್ತಿ ಧೈರ್ಯ ಬೇಕಾಯಿತು. ನಾವು ಅದನ್ನೇ ಎರಡು ಸಲ ಅಭ್ಯಾಸ ಮಾಡಿದೆವು, ನಾನು ಹೆಡ್‌ಮಾಸ್ಟರ್ ಆಗಿ. ಅತ್ತೆಗೆ ಹೇಳುವ ಕೆಲಸ ಗಂಡನಿಗೆ ಒಪ್ಪಿಸಿದೆ. "ಬಾಳೆದಿಂಡು" ಅನ್ನುವುದನ್ನು ನಿಲ್ಲಿಸಿದ್ದಾರಂತೆ. ಈಗ ಮನೆಗೆ ಬಂದವರಿಗೆಲ್ಲ ಕಾಯಿಲೆ ಹೆಸರು ತಪ್ಪಾಗಿ ಹೇಳುತ್ತಾರಂತೆ.

ಆರು ತಿಂಗಳಾಯಿತು. ನೋವು ಸ್ವಲ್ಪ ಕಡಿಮೆ, ಅಳತೆ ಹೆಚ್ಚುಕಡಿಮೆ ಅಷ್ಟೇ. ಬೇಸಿಗೆ ರಜೆಯಲ್ಲಿ ಆಪರೇಷನ್ನಿನ ಮೊದಲ ಹಂತ ಅಂತ ಬೇರೊಬ್ಬ ಸರ್ಜನ್ ಹೇಳಿದ್ದಾರೆ, ಮೊಣಕಾಲಿನ ಕೆಳಗೆ ಮಾತ್ರ. ವಿಮೆ ಕಂಪನಿಗೆ ಬರವಣಿಗೆಯಲ್ಲಿ ಕೇಳಿ ಅಂದಿದ್ದೇನೆ. ಹಳೇ ಕ್ಲಿನಿಕ್ ಅಡ್ವಾನ್ಸ್ ವಾಪಸ್ ಕೊಟ್ಟಿಲ್ಲ. ಟೀಚರ್ ಗ್ರಾಹಕರ ಆಯೋಗಕ್ಕೆ ದೂರು ಬರೆದಿದ್ದಾರೆ, ಕಳೆದ ವಾರ ತಂದು ಓದಿದರು. ನಾಲ್ಕು ಪುಟ. ಎಲ್ಲೂ ಕಾಗುಣಿತ ತಪ್ಪಿಲ್ಲ. "ಒಂಬತ್ತು ಲೀಟರ್" ಅನ್ನುವ ಕಡೆ ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದರು.