ಎದುರು ಗುದ್ದಿದ ಸೈಕಲ್: ಮೊದಲು ಫೋರ್ಕ್ ಬಿಚ್ಚಿಸಿ ನೋಡಿ

ನಿಂತಿದ್ದ ಕಾರಿನ ಹಿಂಬದಿಗೆ ನೇರವಾಗಿ ಗುದ್ದಿದ ಮೇಲೂ ನಿಮ್ಮ ಸೈಕಲ್ ನೆಟ್ಟಗೆ ಓಡುತ್ತಿದೆ, ಚಕ್ರ ಬೆಂಡಾಗಿಲ್ಲ. ಫ್ರೇಮ್ ಅಲ್ಯೂಮಿನಿಯಂ, ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಕಾರ್ಬನ್. ಹೀಗಿರುವಾಗ ತಪಾಸಣೆ ಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಕು, ಅದು ಮುಗಿಯುವವರೆಗೆ ದಯವಿಟ್ಟು ಹತ್ತಬೇಡಿ.

ಎದುರಿನ ಹೊಡೆತವು ಮುಂದಿನ ಚಕ್ರದಿಂದ ಫೋರ್ಕಿಗೆ, ಅಲ್ಲಿಂದ ಫ್ರೇಮಿನ ಮುಂತುದಿಗೆ ದಾಟುತ್ತದೆ. ಆದ್ದರಿಂದ ಹೆಡ್ ಟ್ಯೂಬಿಗೆ (ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆ) ತಾಗಿದ ಡೌನ್ ಟ್ಯೂಬಿನ (ಅಲ್ಲಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) ಕೆಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿ, ಬೆರಳ ತುದಿಯಿಂದ ನಿಧಾನವಾಗಿ ಸವರಿ ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಅಡ್ಡಗೆರೆ ಕಂಡರೆ ಅಥವಾ ಸಣ್ಣ ಉಬ್ಬು ಕೈಗೆ ಸಿಕ್ಕರೆ ಒಳಗಿನ ಲೋಹ ಬಾಗಿದೆ ಅಥವಾ ಬಿರಿದಿದೆ ಎಂದೇ ಶಂಕಿಸಬೇಕು. ಅಲ್ಯೂಮಿನಿಯಂ ಫ್ರೇಮನ್ನು ಬಗ್ಗಿಸಿ ನೇರ ಮಾಡಿಸುವ ಮಾತಿಗೆ ಒಪ್ಪಬೇಡಿ, ಅದರಿಂದ ಲೋಹ ಇನ್ನಷ್ಟು ಬಲಗುಂದುತ್ತದೆ.

ನನಗೆ ಹೆಚ್ಚು ಆತಂಕವಿರುವುದು ಫೋರ್ಕಿನ ಬಗ್ಗೆ. ಹೆಡ್ ಟ್ಯೂಬಿನೊಳಗೆ ಅಡಗಿರುವ ಅದರ ಕೊಳವೆಯ ಬುಡ ಹೊರಗಿನಿಂದ ಕಾಣುವುದೇ ಇಲ್ಲ, ಕಾರ್ಬನ್ ಪದರಗಳು ಅಲ್ಲಿ ಬಿಟ್ಟುಕೊಂಡಿದ್ದರೆ ಮುಂದೊಂದು ದಿನ ಬ್ರೇಕ್ ಒತ್ತಿದಾಗ ಮುನ್ಸೂಚನೆಯಿಲ್ಲದೆ ಮುರಿಯಬಹುದು. ಕಾರ್ಬನ್ ಬಲ್ಲ ಮೆಕ್ಯಾನಿಕ್‌ನಿಂದ ಫೋರ್ಕನ್ನು ಪೂರ್ತಿ ಹೊರತೆಗೆಸಿ ನೋಡಿಸಿ. ಅನುಮಾನ ಉಳಿದರೆ ಹೊಸದನ್ನೇ ಹಾಕಿಸಿ.

ಸೈಕಲ್ ಬಲಮಗ್ಗುಲಿಗೆ ಬಿದ್ದಿದ್ದರೆ ಹಿಂದಿನ ಡಿರೇಲರ್ (ಗೇರ್ ಬದಲಿಸಲು ಚೈನನ್ನು ಸರಿಸುವ ಭಾಗ) ತೂಗುವ ಹ್ಯಾಂಗರ್ ಒಳಕ್ಕೆ ಬಾಗಿರಬಹುದು, ಆಗ ಅತಿ ಹಗುರ ಗೇರಿಗೆ ಹಾಕಿದಾಗ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳಬಹುದು. ತಲೆಗೆ ಪೆಟ್ಟಾಗಿದ್ದರೆ ಹೆಲ್ಮೆಟ್ಟನ್ನೂ ಬದಲಾಯಿಸಿ, ಒಳಗಿನ ಫೋಮ್ ಒಮ್ಮೆ ಅದುಮಿದರೆ ಮತ್ತೆ ರಕ್ಷಣೆ ಕೊಡದು.