ಮೈಲ್ಸ್ ಇದೆ, ಸೀಟು ಎಲ್ಲಿ?

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ವಿಮಾನದ ಮೈಲ್ಸ್ ಬಗ್ಗೆಯೇ ಇವೆ. ಮೈಲ್ಸ್ ಅಂದರೆ ವಿಮಾನದಲ್ಲಿ ಓಡಾಡಿದ್ದಕ್ಕೋ ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೋ ಖಾತೆಗೆ ಬೀಳುವ ಅಂಕ, ಕೆಲವರು ಪಾಯಿಂಟ್ಸ್ ಅನ್ನುತ್ತಾರೆ. ಅದನ್ನು ಕೊಟ್ಟು ಟಿಕೆಟ್ ತಗೊಳ್ಳಬಹುದು. ಬಸವನಗುಡಿಯ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ 24 ವರ್ಷ ಟಿಕೆಟ್ ಕೌಂಟರಿನಲ್ಲಿ ಕೂತವಳು ನಾನು. ಈ ಪ್ರಶ್ನೆಗಳು ನನಗೆ ಹಳೆಯ ಗೆಳೆಯರಿದ್ದ ಹಾಗೆ. ಐದು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಮುಂದಿನ ಮೇ ತಿಂಗಳಲ್ಲಿ ಮೊಮ್ಮಗಳ ಮೊದಲ ಹುಟ್ಟುಹಬ್ಬ. ಮಗನ ಖಾತೆಯಲ್ಲಿ 1,80,000 ಮೈಲ್ಸ್ ಇದೆ. ಒಬ್ಬರಿಗೆ ಒಂದು ಕಡೆಗೆ ಎಕಾನಮಿಯಾದರೆ 45,000, ಬಿಸಿನೆಸ್ ಕ್ಲಾಸಾದರೆ 90,000 ಬೇಕಂತೆ. ದುಡ್ಡು ಕೊಟ್ಟು ತಗೊಂಡರೆ ಎಕಾನಮಿ ಹೋಗಿಬರೋಕೆ 1,10,000, ಬಿಸಿನೆಸ್ ಒಂದು ಕಡೆಗೇ 2,20,000. ನನ್ನ ಹೆಂಡತಿಗೆ ಮಂಡಿ ಆಪರೇಷನ್ ಆಗಿದೆ. ಬಿಸಿನೆಸ್ಸಿನಲ್ಲಿ ಹಾಕಿದರೇ ಮೈಲ್ಸಿಗೆ ಬೆಲೆ ಅಂತ ಮಗ ಹಟ ಹಿಡಿದಿದ್ದಾನೆ. ಏನು ಮಾಡೋಣ? *(ಶಿವಮೊಗ್ಗ)*

ಉತ್ತರ: ಮೇಷ್ಟ್ರೇ, ಮಗನ ಲೆಕ್ಕ ಹೀಗಿರುತ್ತೆ. ಟಿಕೆಟ್ಟಿನ ದರದಲ್ಲಿ ಅವಾರ್ಡ್ ಟಿಕೆಟ್ಟಿಗೆ, ಅಂದರೆ ಮೈಲ್ಸ್ ಕೊಟ್ಟು ತಗೊಳ್ಳುವ ಟಿಕೆಟ್ಟಿಗೆ, ಕಟ್ಟುವ ತೆರಿಗೆ ಕಳೆಯಬೇಕು. ಉಳಿದದ್ದನ್ನು ಮೈಲ್ಸಿನಿಂದ ಭಾಗಿಸಬೇಕು. ತೆರಿಗೆ ಎಕಾನಮಿಗೆ ಒಂದು ಕಡೆಗೆ 8,000, ಬಿಸಿನೆಸ್ಸಿಗೆ 12,000 ಅಂತ ಇಟ್ಟುಕೊಳ್ಳಿ. ಎಕಾನಮಿಯಲ್ಲಿ ಹೋಗಿಬರಲು 90,000 ಮೈಲ್ಸ್ ಕೊಟ್ಟು 94,000 ರೂಪಾಯಿ ಉಳಿಸುತ್ತೀರಿ. ಒಂದು ಮೈಲಿಗೆ ಒಂದು ರೂಪಾಯಿ ಚಿಲ್ಲರೆ ಸಿಕ್ಕಿತು. ಬಿಸಿನೆಸ್ಸಿನಲ್ಲಿ ಅದೇ 90,000ಕ್ಕೆ 2,08,000 ಉಳಿತಾಯ. ಮೈಲಿಗೆ 2 ರೂಪಾಯಿ 31 ಪೈಸೆ ಬಂತು. ನೋಡೋಕೆ ಬಿಸಿನೆಸ್ಸೇ ಲಾಭ.

ಆದರೆ ಒಂದು ಮಾತು ಕೇಳುತ್ತೇನೆ. ನೀವು ಯಾವತ್ತಾದರೂ 2,20,000 ಕೊಟ್ಟು ಆ ಸೀಟು ತಗೊಳ್ಳುತ್ತಿದ್ದಿರಾ? ಇಲ್ಲ ಅಲ್ವಾ? ಹಾಗಾದರೆ ಉಳಿಯಿತು ಅಂದುಕೊಂಡ ಆ ದುಡ್ಡು ನಿಮ್ಮ ಜೇಬಿನಲ್ಲಿ ಇರಲೇ ಇಲ್ಲ. ಕೈಯಿಂದ ನಿಜವಾಗಿ ಹೋಗುವ ದುಡ್ಡನ್ನು ಲೆಕ್ಕ ಹಾಕೋಣ. ಇಬ್ಬರೂ ಎಕಾನಮಿಯಲ್ಲಿ ಮೈಲ್ಸ್ ಮೇಲೆ ಹೋಗಿಬಂದರೆ ಖರ್ಚು ಬರೀ 32,000. ಇಬ್ಬರೂ ಹೋಗುವಾಗ ಬಿಸಿನೆಸ್ಸಿನಲ್ಲಿ ಹೋದರೆ ಮೈಲ್ಸ್ ಅಲ್ಲಿಗೇ ಖಾಲಿ. ಬರುವ ಟಿಕೆಟ್ ಕೊಳ್ಳಬೇಕು. ಇಲ್ಲಿ ತುಂಬ ಜನ ಎಡವುತ್ತಾರೆ. ಹೋಗಿಬರುವ ದರ 1,10,000 ಅಂದರೆ ಒಂದು ಕಡೆಗೆ 55,000 ಅಲ್ಲ. ದೊಡ್ಡ ಕಂಪನಿಗಳು ಒಂದು ಕಡೆಯ ಅಂತರರಾಷ್ಟ್ರೀಯ ಟಿಕೆಟ್ಟಿಗೆ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಹಾಕುವುದುಂಟು. 68,000 ಅಂತ ಇಟ್ಟುಕೊಂಡರೆ ಇಬ್ಬರಿಗೆ 1,36,000, ಮೇಲೆ ಹೋಗುವಾಗಿನ ಬಿಸಿನೆಸ್ ಸೀಟುಗಳ ತೆರಿಗೆ 24,000. ಒಟ್ಟು 1,60,000. ವ್ಯತ್ಯಾಸ 1,28,000. ಅಂದರೆ ಕಾಲು ಚಾಚಿ ಮಲಗಿಕೊಂಡು ಹೋಗೋಕೆ ತಲೆಗೆ 64,000 ಕೊಡುತ್ತಿದ್ದೀರಿ, ಅದೂ ಒಂದೇ ಕಡೆಗೆ. ನೀವು ಯೋಚಿಸಬೇಕಾದ ಬೆಲೆ ಇದು.

ನನ್ನನ್ನು ಕೇಳಿದರೆ, ಕೊಡಿ. ಆಪರೇಷನ್ ಆದ ಮಂಡಿ ಇಟ್ಟುಕೊಂಡು ಹದಿನೈದು ಗಂಟೆ ಮಡಿಸಿ ಕೂತ ತಾಯಂದಿರು ಊರಿಗೆ ವಾಪಸ್ ಬಂದು ನನ್ನ ಕೌಂಟರಿನ ಮುಂದೆ ಸೀರೆ ಸ್ವಲ್ಪ ಎತ್ತಿ ಪಾದದ ಊತ ತೋರಿಸಿದ್ದಾರೆ. ಅದು ನನಗೆ ಮರೆಯೋಕೆ ಆಗಿಲ್ಲ. ಆ 64,000 ಭಾರ ಅನ್ನಿಸಿದರೆ ಇಬ್ಬರೂ ಎಕಾನಮಿಯಲ್ಲೇ ಹೋಗಿ. ಉಳಿದ ದುಡ್ಡಿನಲ್ಲಿ ಎದುರಿಗೆ ಗೋಡೆ ಇರುವ ಸಾಲಿನ ಸೀಟು ತಗೊಳ್ಳಿ. ಎಮರ್ಜೆನ್ಸಿ ಬಾಗಿಲಿನ ಹತ್ತಿರದ ಸೀಟು ಮಂಡಿ ನೋವಿನವರಿಗೆ ಕೊಡುವುದಿಲ್ಲ, ಅದನ್ನು ನಂಬಿಕೊಳ್ಳಬೇಡಿ. ದಾರಿಯಲ್ಲಿ ವಿಮಾನ ಬದಲಿಸುವ ಊರಿನಲ್ಲಿ ಒಂದು ರಾತ್ರಿ ತಂಗಿ. ಹೆಂಡತಿಯನ್ನು ಮಾತ್ರ ಬಿಸಿನೆಸ್ಸಿನಲ್ಲಿ ಹಾಕುವ ಯೋಚನೆ ಬೇಡ. ಮೊದಲ ಸಲ ಹೋಗುವವರು ಮುಂದೊಬ್ಬರು ಹಿಂದೊಬ್ಬರು ಕೂತರೆ ಇಬ್ಬರಿಗೂ ನಿದ್ದೆ ಬರುವುದಿಲ್ಲ.

ಈಗ ಸೀಟಿನ ವಿಚಾರ. ಹೆಚ್ಚಿನ ಕಂಪನಿಗಳು ಪ್ರಯಾಣಕ್ಕೆ ಹನ್ನೊಂದು, ಹನ್ನೆರಡು ತಿಂಗಳ ಮುಂಚೆ ಬುಕಿಂಗ್ ತೆರೆಯುತ್ತವೆ. ಸಿಂಗಾಪುರ್ ಏರ್‌ಲೈನ್ಸಿನಲ್ಲಿ 355 ದಿನ. ಅವಾರ್ಡ್ ಸೀಟುಗಳು ಆಗ ಒಂದಿಷ್ಟು ಬರುತ್ತವೆ, ಹೊರಡಲು ಎರಡು ವಾರ ಇದ್ದಾಗ ಉಳಿದದ್ದು ಇನ್ನೊಂದಿಷ್ಟು ಬರಬಹುದು. ಜೋಡಿ ಸೀಟು ಬೇಕಾದ ನೀವು ಕೊನೆಯ ಗಳಿಗೆಗೆ ಕಾಯಬೇಡಿ. ವೀಸಾ ಇನ್ನೂ ಆಗಿಲ್ಲ ಅಂತ ಹಿಂಜರಿಯುವುದೂ ಬೇಡ. ಹೆಚ್ಚಿನ ಅವಾರ್ಡ್ ಟಿಕೆಟ್ಟುಗಳನ್ನು ಸ್ವಲ್ಪ ಶುಲ್ಕ ಕಟ್ಟಿ ರದ್ದು ಮಾಡಿದರೆ ಮೈಲ್ಸ್ ವಾಪಸ್ ಬರುತ್ತೆ. ಅಗ್ಗದ ಟಿಕೆಟ್ಟಿಗೆ ಈ ಅನುಕೂಲ ಇಲ್ಲ. ಶುಲ್ಕ ಎಷ್ಟು, ಎಷ್ಟು ಗಂಟೆ ಮುಂಚೆ ರದ್ದು ಮಾಡಬೇಕು ಅಂತ ಮಗನಿಗೆ ಮೊದಲೇ ಓದಿಟ್ಟುಕೊಳ್ಳೋಕೆ ಹೇಳಿ.

ಇನ್ನೊಂದು ವಿಷಯ, ನಮ್ಮ ಕಡೆಯವರಿಗೇ ಬರುವ ತೊಂದರೆ. ನಿಮ್ಮ ಪಾಸ್‌ಪೋರ್ಟ್ ತೆಗೆದು ಸರ್‌ನೇಮ್ ಜಾಗ ನೋಡಿ. ಎಷ್ಟೋ ಹಿರಿಯರದ್ದು ಅಲ್ಲಿ ಖಾಲಿ ಇರುತ್ತೆ. ಟಿಕೆಟ್ಟಿನಲ್ಲಿ ಮಗ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ತುಂಬಿಸಿಬಿಟ್ಟರೆ ಏರ್‌ಪೋರ್ಟಿನಲ್ಲಿ ಫಜೀತಿ. ಸರ್‌ನೇಮ್ ಇಲ್ಲದವರ ಹೆಸರು ಹೇಗೆ ಬರೆಯಬೇಕು ಅಂತ ಆ ಕಂಪನಿಗೆ ಫೋನ್ ಮಾಡಿ ಕೇಳಿಕೊಂಡೇ ಬುಕ್ ಮಾಡಲಿ. ವೀಲ್‌ಚೇರ್‌ಗೆ ಆಗಲೇ ಹೇಳಿಡಿ. ಅವಾರ್ಡ್ ಟಿಕೆಟ್ ಅಂತ ಅದರಲ್ಲಿ ಭೇದ ಇಲ್ಲ.

ಪ್ರಶ್ನೆ: ವ್ಯಾಪಾರಕ್ಕಾಗಿ ತಿಂಗಳಿಗೆ ಮೂರು ನಾಲ್ಕು ಸಲ ವಿಮಾನದಲ್ಲಿ ಓಡಾಡುತ್ತೇನೆ. ಪಾಯಿಂಟ್ಸ್ ಗುಡ್ಡೆ ಬಿದ್ದಿದೆ. ಅದರಲ್ಲಿ ಮಿಕ್ಸಿ, ಟ್ರಾಲಿ ಬ್ಯಾಗ್ ತಗೊಳ್ಳಬಹುದು ಅಂತ ತೋರಿಸುತ್ತಿದೆ. ತಗೊಳ್ಳಲೋ, ಇನ್ನೂ ಕೂಡಿಡಲೋ? *(ಹುಬ್ಬಳ್ಳಿ)*

ಉತ್ತರ: ಎರಡೂ ಬೇಡ. ಆ ಮಿಕ್ಸಿ ನಿಮ್ಮ ದುರ್ಗದಬೈಲಿನ ಅಂಗಡಿಯಲ್ಲಿ ಎಷ್ಟಿದೆ ಅಂತ ಕೇಳಿ, ಅದಕ್ಕೆ ಕೇಳುವ ಪಾಯಿಂಟ್ಸಿನಿಂದ ಭಾಗಿಸಿ. ಟಿಕೆಟ್ಟಿಗೆ ಸಿಗುವುದರ ಅರ್ಧವೂ ಬರದಿರುವುದೇ ಜಾಸ್ತಿ.

ಕೂಡಿಡುವುದರ ಬಗ್ಗೆ ನನಗೆ ನಿಜವಾದ ಭಯ ಇದೆ. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಶರ್ ಹಾರಾಟ ನಿಲ್ಲಿಸಿತು. 2019ರ ಏಪ್ರಿಲ್ 17ಕ್ಕೆ ಜೆಟ್ ಏರ್‌ವೇಸ್ ನಿಂತಿತು. ಜೆಟ್‌ನ ಪಾಯಿಂಟ್ಸ್ ಯೋಜನೆ ಬೇರೆ ಕಂಪನಿಯಾಗಿದ್ದರಿಂದ ಇಂಟರ್‌ಮೈಲ್ಸ್ ಅಂತ ಹೆಸರು ಬದಲಿಸಿಕೊಂಡು ಉಳಿಯಿತು. ಆದರೆ ಜನ ಯಾವ ವಿಮಾನ ನೆಚ್ಚಿಕೊಂಡು ಕೂಡಿಟ್ಟಿದ್ದರೋ ಆ ವಿಮಾನವೇ ಇರಲಿಲ್ಲ. ವಿಸ್ತಾರದವರು ಅದೃಷ್ಟವಂತರು. 2024ರ ನವೆಂಬರ್ 12ರಂದು ಅದು ಏರ್ ಇಂಡಿಯಾ ಜೊತೆ ಸೇರಿದಾಗ ಪಾಯಿಂಟ್ಸ್ ಏರ್ ಇಂಡಿಯಾದ ಯೋಜನೆ ಮಹಾರಾಜ ಕ್ಲಬ್‌ಗೆ ಹೋದವು. ಕಂಪನಿ ಗಟ್ಟಿಯಾಗಿದ್ದರೂ ಸರಿ, ಇವತ್ತು 10,000 ಪಾಯಿಂಟ್ಸಿಗೆ ಸಿಗುವ ಟಿಕೆಟ್ಟಿಗೆ ನಾಳೆ 13,000 ಕೇಳಬಹುದು. ಬ್ಯಾಂಕಿನಲ್ಲಿಟ್ಟ ದುಡ್ಡಿಗಾದರೂ ಬಡ್ಡಿ ಬರುತ್ತೆ.

ಹಾಗಾಗಿ ಬಳಸಿ. ಯಾವಾಗ? ನಿಮ್ಮ ಯೋಜನೆಯಲ್ಲಿ ಒಂದೊಂದು ಮಾರ್ಗಕ್ಕೆ ಇಷ್ಟು ಅಂತ ನಿಗದಿ ಇದ್ದರೆ ದೀಪಾವಳಿ ಹಿಂದಿನ ದಿನ, ಮದುವೆ ಸೀಸನ್, ನಾಳೆಯೇ ಹೊರಡಬೇಕಾದ ತುರ್ತು, ಇಂಥದ್ದಕ್ಕೆ ಇಟ್ಟುಕೊಳ್ಳಿ. ದರ ಮೂರು ಪಟ್ಟಾದ ದಿನವೂ ಪಾಯಿಂಟ್ಸ್ ಅಷ್ಟೇ ಹೋಗುತ್ತೆ, ಸೀಟು ಸಿಕ್ಕರೆ. ದರ ಏರಿದ ಹಾಗೆ ಪಾಯಿಂಟ್ಸೂ ಏರುವ ಯೋಜನೆಯಾದರೆ ಹಬ್ಬಕ್ಕೆ ಕಾದು ಪ್ರಯೋಜನ ಇಲ್ಲ. ಮುಂದಿನ ವಾರದ ಮುಂಬೈ ಟಿಕೆಟ್ಟಿಗೇ ಹಾಕಿ ಮುಗಿಸಿ. ನಿಮ್ಮದು ಯಾವ ಥರದ್ದು ಅಂತ ತಿಳಿಯೋದು ಸುಲಭ: ಒಂದೇ ಮಾರ್ಗಕ್ಕೆ ಸಾಮಾನ್ಯ ಮಂಗಳವಾರ ಒಂದು ಸಲ, ಹಬ್ಬದ ಹಿಂದಿನ ದಿನ ಒಂದು ಸಲ ಹುಡುಕಿ ನೋಡಿ.

ಪ್ರಶ್ನೆ: ಲಂಡನ್ನಿಗೆ ನಾವಿಬ್ಬರು, ಜೊತೆಗೆ ಹನ್ನೆರಡು ವರ್ಷದ ಮಗಳು. ಮೈಲ್ಸ್ ಸಾಕಷ್ಟಿದೆ. ಆದರೆ ಫ್ರೀ ಟಿಕೆಟ್ ಅಂತ ಹೇಳಿ ಕೊನೆಯಲ್ಲಿ ಸಾವಿರಾರು ರೂಪಾಯಿ ಕೇಳುತ್ತಿದ್ದಾರೆ. ಇದು ಮೋಸವಲ್ಲವೇ? *(ರಾಜಾಜಿನಗರ, ಬೆಂಗಳೂರು)*

ಉತ್ತರ: ಆ ಮೊತ್ತವನ್ನು ಬಿಡಿಸಿ ನೋಡಿ. ಎರಡು ಥರದ ದುಡ್ಡು ಅದರಲ್ಲಿದೆ. ಒಂದು ಸರ್ಕಾರಕ್ಕೂ ವಿಮಾನ ನಿಲ್ದಾಣಕ್ಕೂ ಹೋಗುವುದು. ಇನ್ನೊಂದು ಫ್ಯುಯಲ್ ಸರ್ಚಾರ್ಜ್, ಕ್ಯಾರಿಯರ್ ಸರ್ಚಾರ್ಜ್ ಅಂತ ಕಂಪನಿಯೇ ಹಾಕಿಕೊಳ್ಳುವುದು. ಟಿಕೆಟ್ಟಿನಲ್ಲಿ ವೈಕ್ಯೂ (YQ), ವೈಆರ್ (YR) ಅನ್ನುವ ಅಕ್ಷರಗಳು ಕಂಡರೆ ಅದೇ ಇದು. ಈ ಎರಡನೆಯದು ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ. ಏರ್ ಕೆನಡಾದ ಮೈಲ್ಸ್ ಯೋಜನೆ ಏರೋಪ್ಲಾನ್ 2020ರ ನವೆಂಬರಿನಿಂದ ಅವಾರ್ಡ್ ಟಿಕೆಟ್ಟಿಗೆ ಇದನ್ನು ಹಾಕುತ್ತಿಲ್ಲ. ಏರ್ ಕೆನಡಾ ಇರುವ ಸ್ಟಾರ್ ಅಲೈಯನ್ಸ್ ಅನ್ನುವ ವಿಮಾನ ಕಂಪನಿಗಳ ಕೂಟದ ಬೇರೆ ಕಂಪನಿಗಳ ವಿಮಾನವನ್ನೂ ಅದರಲ್ಲಿ ತಗೊಳ್ಳಬಹುದು. ಅಂದರೆ ಬೆಂಗಳೂರಿನಿಂದ ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್ ಮೇಲೆ ಹೋಗುವ ಅದೇ ಸೀಟಿಗೆ, ಯಾವ ಖಾತೆಯ ಮೈಲ್ಸ್ ಕೊಡುತ್ತೀರಿ ಅನ್ನುವುದರ ಮೇಲೆ ಕೈಯಿಂದ ಕಟ್ಟುವ ದುಡ್ಡು ಬದಲಾಗುತ್ತೆ. ನಿಮ್ಮ ಪಾಯಿಂಟ್ಸ್ ಇನ್ನೂ ಬ್ಯಾಂಕಿನ ಕಾರ್ಡಿನಲ್ಲೇ ಇದ್ದರೆ ಇದನ್ನೆಲ್ಲ ನೋಡಿ ಯಾವ ಕಂಪನಿಗೆ ವರ್ಗಾಯಿಸಬೇಕು ಅಂತ ಆರಿಸಬಹುದು.

ಸರ್ಕಾರದ ಪಾಲಿನಲ್ಲಿ ದೊಡ್ಡದು ಬ್ರಿಟನ್ನಿನ ಏರ್ ಪ್ಯಾಸೆಂಜರ್ ಡ್ಯೂಟಿ. ಅಲ್ಲಿಂದ ಹೊರಡುವಾಗ ಮಾತ್ರ ಬೀಳುತ್ತೆ, ಹೋಗಿ ಇಳಿಯುವಾಗ ಇಲ್ಲ. 2025ರ ಏಪ್ರಿಲ್‌ನಲ್ಲಿ ಭಾರತದಷ್ಟು ದೂರಕ್ಕೆ ಎಕಾನಮಿಗೆ 90 ಪೌಂಡ್, ಬಿಸಿನೆಸ್ಸಿಗೆ 216 ಪೌಂಡ್ ಆಯಿತು. ಮಗಳಿಗೆ ಹದಿನಾರು ತುಂಬಿಲ್ಲವಲ್ಲ, ಎಕಾನಮಿಯಲ್ಲಿ ಅವಳಿಗೆ ಇದು ಇಲ್ಲವೇ ಇಲ್ಲ. ಹಾಕಿದ್ದಾರಾ ನೋಡಿ. ಯೂರೋಪನ್ನೂ ಸುತ್ತುವ ಮನಸ್ಸಿದ್ದರೆ ಲಂಡನ್ನಿನಲ್ಲಿ ಇಳಿದು, ಯೂರೋಸ್ಟಾರ್ ರೈಲಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ, ಅಲ್ಲಿಂದ ಮನೆಗೆ ಬನ್ನಿ. ಬಿಸಿನೆಸ್ಸಿನಲ್ಲಿ ಬರುವವರಿಗೆ ಉಳಿತಾಯ ಚೆನ್ನಾಗಿಯೇ ಆಗುತ್ತೆ. ಯೂರೋಪಿನ ಆ ದೇಶಗಳಿಗೆ ಷೆಂಗೆನ್ ವೀಸಾ ಬೇರೆ ಬೇಕು, ಅದರ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ. ಬರೀ ತೆರಿಗೆ ಉಳಿಸೋಕೆ ಸುಮ್ನೆ ಅಷ್ಟು ದೂರ ಸುತ್ತಬೇಡಿ.

ಪ್ರಶ್ನೆ: ಕಾರ್ಡಿನ ಪಾಯಿಂಟ್ಸನ್ನು ಈ ತಿಂಗಳೊಳಗೆ ವಿಮಾನ ಕಂಪನಿಗೆ ವರ್ಗಾಯಿಸಿದರೆ ಕಾಲು ಪಾಲು ಹೆಚ್ಚು ಮೈಲ್ಸ್ ಕೊಡುತ್ತಾರಂತೆ. ಎಲ್ಲಿಗೆ ಹೋಗಬೇಕು ಅಂತ ಇನ್ನೂ ಯೋಚಿಸಿಲ್ಲ. ವರ್ಗಾಯಿಸಿಬಿಡಲೇ? *(ಮೈಸೂರು)*

ಉತ್ತರ: ಬೇಡಪ್ಪಾ. ದಯವಿಟ್ಟು ಬೇಡ. ಕಾರ್ಡಿನಲ್ಲಿ ಇರುವ ತನಕ ಆ ಪಾಯಿಂಟ್ಸಿಗೆ ಹತ್ತು ಬಾಗಿಲು. ಒಂದು ಕಂಪನಿಗೆ ಕೊಟ್ಟ ಮೇಲೆ ಒಂದೇ ಬಾಗಿಲು, ವಾಪಸ್ ಬರುವ ದಾರಿ ಇಲ್ಲ.

2017ರಲ್ಲಿ ನಾನೇ ಹೀಗೆ ಮಾಡಿದೆ. ಅಮ್ಮನಿಗೆ ಕಾರ್ತಿಕ ಮಾಸದಲ್ಲಿ ಕಾಶಿ ನೋಡುವ ಆಸೆ. ವಿಮಾನ ಹತ್ತಿಸಬೇಕು ಅಂತ ನನ್ನ ಆಸೆ. ಕೊಡುಗೆ ಮುಗಿಯುತ್ತೆ ಅನ್ನುವ ಅವಸರದಲ್ಲಿ 38,000 ಪಾಯಿಂಟ್ಸ್ ವರ್ಗಾಯಿಸಿದೆ. ಆಮೇಲೆ ಸೀಟು ಹುಡುಕಿದರೆ ಕಾರ್ತಿಕ ಹುಣ್ಣಿಮೆಯ ಹಿಂದೆ ಮುಂದೆ ಒಂದೂ ಅವಾರ್ಡ್ ಸೀಟು ಇಲ್ಲ. ಟಿಕೆಟ್ ಕೊಳ್ಳೋಣ ಅಂದರೆ ಅಮ್ಮ ಒಪ್ಪಲಿಲ್ಲ, ಅಷ್ಟೊಂದು ದುಡ್ಡು ಬೇಡ ಅಂದರು. ರೈಲಿನಲ್ಲೇ ಹೋದೆವು. ಅಮ್ಮನಿಗೆ ಎರಡು ರಾತ್ರಿ ನಿದ್ದೆಯಿಲ್ಲ. ಮುಂದಿನ ವರ್ಷ ನೋಡೋಣ ಅಂದುಕೊಂಡೆ. ಮುಂದಿನ ವರ್ಷ ಅವರಿಗೆ ಓಡಾಡುವ ಶಕ್ತಿ ಇರಲಿಲ್ಲ. ಮೈಲ್ಸ್ ಅವಧಿ ಮುಗಿದು ಹೋಯಿತು.

ಮೊದಲು ತಾರೀಖು ಗೊತ್ತು ಮಾಡಿ. ಆ ಕಂಪನಿಯಲ್ಲಿ ಉಚಿತವಾಗಿ ಖಾತೆ ತೆರೆದು, ಸೀಟು ಕಣ್ಣಿಗೆ ಕಂಡ ಮೇಲೆ ವರ್ಗಾಯಿಸಿ. ವರ್ಗಾವಣೆ ಕೆಲವು ಸಲ ನಿಮಿಷದಲ್ಲಿ ಆಗುತ್ತೆ, ಕೆಲವು ಸಲ ದಿನಗಟ್ಟಲೆ. ಅದಕ್ಕೇ ಬದಲಿ ತಾರೀಖು ಒಂದೆರಡು ಇಟ್ಟುಕೊಂಡಿರಿ.

ಪ್ರಶ್ನೆ: ನಮ್ಮ ಯಜಮಾನರು ಕುವೈತಿನಲ್ಲಿದ್ದಾರೆ. ಮೈಲ್ಸ್ ಎಷ್ಟು ದಿನ ಇರುತ್ತೆ? *(ಮಂಗಳೂರು)*

ಉತ್ತರ: ಯಾವ ಕಂಪನಿ ಅಂತ ನೀವು ಬರೆದಿಲ್ಲ, ಮೇಡಂ. ಎರಡು ಉದಾಹರಣೆ ಹೇಳುತ್ತೇನೆ. ಸಿಂಗಾಪುರ್ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಮೈಲ್ಸ್ ಬಂದ ದಿನದಿಂದ ಮೂರು ವರ್ಷಕ್ಕೆ ಮುಗಿಯುತ್ತೆ, ಈ ನಡುವೆ ಎಷ್ಟು ಓಡಾಡಿದರೂ ಅಷ್ಟೇ. ಕತಾರ್, ಬ್ರಿಟಿಷ್ ಏರ್‌ವೇಸಿನ ಏವಿಯೋಸ್ ಅನ್ನುವ ಮೈಲ್ಸ್ ಹಾಗಲ್ಲ. ಮೂರು ವರ್ಷದೊಳಗೆ ಒಂದು ಸಲ ಗಳಿಸಿದರೂ ಖರ್ಚು ಮಾಡಿದರೂ ಉಳಿದದ್ದೆಲ್ಲ ಜೀವ ಹಿಡಿದುಕೊಳ್ಳುತ್ತೆ. ಮುಂದಿನ ರಜೆಗೆ ಅವರು ಊರಿಗೆ ಬಂದಾಗ ಇಬ್ಬರೂ ಕೂತು ಖಾತೆ ತೆರೆದು ಕೊನೆಯ ತಾರೀಖು ನೋಡಿ, ಅಡುಗೆಮನೆ ಕ್ಯಾಲೆಂಡರಿನಲ್ಲಿ ಆರು ತಿಂಗಳು ಮುಂಚಿನ ಒಂದು ದಿನಕ್ಕೆ ಗುರುತು ಹಾಕಿಡಿ.